ಇ-ಸೆಲೆಕ್ಟಿನ್ ನೋಡುವುದಾದರೆ ನಾಲ್ಕನೇ ಗಂಟೆಗೆ ನೋಡಿ

ಮೈಸೂರಿನ ಒಂದು ಲ್ಯಾಬಿನಲ್ಲಿ ರಕ್ತನಾಳದ ಒಳಪದರದ ಜೀವಕೋಶಗಳನ್ನು ಬೆಳೆಸುವುದು ನನ್ನ ಕೆಲಸ. ಹೊಸದಾಗಿ ಸೇರುವ ವಿದ್ಯಾರ್ಥಿಗಳಿಗೆ ಮೊದಲ ವಾರವೇ ಒಂದು ಮಾತು ಹೇಳುತ್ತೇನೆ. ಉರಿಯೂತದ ಪ್ರಯೋಗದಲ್ಲಿ ಯಾವ ಪ್ರೋಟೀನ್ ಇದೆ, ಯಾವುದು ಇಲ್ಲ ಅನ್ನುವುದಕ್ಕಿಂತ ಮೊದಲು, ಎಷ್ಟು ಹೊತ್ತಿಗೆ ನೋಡಿದಿರಿ ಅನ್ನುವುದು ಮುಖ್ಯ. ಬಿಳಿ ರಕ್ತಕಣ ನಾಳದ ಗೋಡೆ ಹಿಡಿಯಲು ನೆರವಾಗುವ ಇ-ಸೆಲೆಕ್ಟಿನ್ ಎಂಬ ಪ್ರೋಟೀನಿನ ವಿಷಯದಲ್ಲಂತೂ ಇದು ಇನ್ನೂ ನಿಜ.

ನಮಗೆ ಜೀವಕೋಶ ಸಿಗುವುದು ಹೆರಿಗೆ ವಾರ್ಡಿನಿಂದ ಬರುವ ಹೊಕ್ಕುಳಬಳ್ಳಿಯಲ್ಲಿ. 1973ರಲ್ಲಿ ಎರಿಕ್ ಜಾಫಿ ಮತ್ತು ಸಂಗಡಿಗರು ಪ್ರಕಟಿಸಿದ ವಿಧಾನವೇ ಹೆಚ್ಚುಕಡಿಮೆ ಈಗಲೂ ನಡೆಯುತ್ತಿದೆ. ಬಳ್ಳಿಯ ಒಂದೇ ಒಂದು ಅಭಿಧಮನಿಗೆ ಸಣ್ಣ ನಳಿಕೆ ಕಟ್ಟಿ, ರಕ್ತ ತೊಳೆದು, ಕೊಲ್ಯಾಜಿನೇಸ್ ಎಂಬ ಕಿಣ್ವ ತುಂಬಿ 37 ಡಿಗ್ರಿಯಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಒಳಪದರ ಬಿಟ್ಟುಕೊಳ್ಳುತ್ತದೆ. ತಾಯಿಯ ಒಪ್ಪಿಗೆ ಪತ್ರ ಇಲ್ಲದೆ ಒಂದು ಬಳ್ಳಿಯನ್ನೂ ಮುಟ್ಟುವ ಹಾಗಿಲ್ಲ. ಸಹಿ ಹಾಕಿಸುವಾಗ ನಂಜನಗೂಡು ಕಡೆಯ ಒಬ್ಬ ಅಜ್ಜಿ ಕೇಳಿದ್ದರು: "ಬಿಸಾಕೋ ಬಳ್ಳಿ ತಗೊಂಡೋಗಿ ಏನ್ ಮಾಡೀರವ್ವ?" ಬಾವು ಹೇಗೆ ಬರುತ್ತೆ ಅಂತ ನೋಡ್ತೀವಿ ಅಜ್ಜಿ, ಅಂದೆ. ಅದಕ್ಕಿಂತ ಸರಿಯಾದ ಉತ್ತರ ನನಗೆ ಇಂದಿಗೂ ಗೊತ್ತಿಲ್ಲ.

ಬಾವು ಬರಬೇಕಾದರೆ ರಕ್ತದಲ್ಲಿ ಓಡುತ್ತಿರುವ ಬಿಳಿ ರಕ್ತಕಣ ನಾಳದ ಗೋಡೆ ಹಿಡಿದು ನಿಂತು, ಆಚೆ ದಾಟಬೇಕು. ವಿಶ್ವೇಶ್ವರಯ್ಯ ನಾಲೆಯ ಸೆಳೆತಕ್ಕೆ ಸಿಕ್ಕವನು ದಡದ ಹುಲ್ಲಿಗೆ ಕೈಹಾಕಿದರೆ ಹುಲ್ಲು ಕಿತ್ತು ಬರುತ್ತದೆ, ಆದರೆ ವೇಗ ತಗ್ಗುತ್ತದೆ. ಆಮೇಲೆ ಬೇರು ಸಿಕ್ಕರೆ ನಿಲ್ಲುತ್ತಾನೆ. ಸೆಲೆಕ್ಟಿನ್‌ಗಳು ಹುಲ್ಲಿನ ಕೆಲಸ ಮಾಡುತ್ತವೆ, ಐಕ್ಯಾಮ್-1 ಮತ್ತು ವಿಕ್ಯಾಮ್-1 ಎಂಬ ಗೋಡೆಯ ಪ್ರೋಟೀನ್‌ಗಳು ಬೇರಿನ ಕೆಲಸ. ಆರೋಗ್ಯವಾಗಿರುವ ಗೋಡೆಯಲ್ಲಿ ಇವು ಇಲ್ಲ, ಅಥವಾ ತೀರ ಕಡಿಮೆ. ಇವನ್ನು ಮೇಲಕ್ಕೆ ತರುವುದು ಜೀವಕೋಶದೊಳಗಿನ ಸಿಗ್ನಲ್. ಎಲ್ಲಕ್ಕೂ ಸಿಗ್ನಲ್‌ನ ದಾರಿ ಒಂದೇ ಅಲ್ಲ, ಹೊತ್ತೂ ಒಂದೇ ಅಲ್ಲ.

ಪಿ-ಸೆಲೆಕ್ಟಿನ್ ಎಲ್ಲಕ್ಕಿಂತ ಬೇಗ. ಅದು ಮೊದಲೇ ತಯಾರಾಗಿ ವೈಬೆಲ್-ಪಲಾಡೆ ಕಾಯಗಳೆಂಬ ಕಿರುಚೀಲಗಳಲ್ಲಿ ಕೂತಿರುತ್ತದೆ. ಅಲರ್ಜಿಯ ಹಿಸ್ಟಮಿನ್ ಅಥವಾ ರಕ್ತ ಹೆಪ್ಪುಗಟ್ಟಿಸುವ ಥ್ರಾಂಬಿನ್ ತಗುಲಿದರೆ ಒಳಗೆ ಕ್ಯಾಲ್ಸಿಯಂ ಏರಿ, ನಿಮಿಷಗಳಲ್ಲಿ ಮೇಲ್ಮೈಗೆ ಬರುತ್ತದೆ. ಇ-ಸೆಲೆಕ್ಟಿನ್ ಹಾಗಲ್ಲ, ಅದನ್ನು ಹೊಸದಾಗಿ ತಯಾರಿಸಬೇಕು. ಉರಿಯೂತದ ಸುದ್ದಿ ಒಯ್ಯುವ ಟಿಎನ್ಎಫ್ ಎಂಬ ಪ್ರೋಟೀನ್ ಬಂದು ಜೀವಕೋಶದ ಮೇಲಿನ ತನ್ನ ಗ್ರಾಹಕಕ್ಕೆ ಅಂಟಿದಾಗ ಐಕೆಕೆ ಎಂಬ ಕಿಣ್ವ ಎಚ್ಚರಗೊಳ್ಳುತ್ತದೆ. ಅದು ಐಕಪ್ಪಾಬಿ ಎಂಬ ಪ್ರೋಟೀನಿಗೆ ಫಾಸ್ಫೇಟ್ ಅಂಟಿಸಿ ನಾಶಕ್ಕೆ ಗುರುತು ಹಾಕುತ್ತದೆ. ಅಲ್ಲಿಯವರೆಗೆ ಐಕಪ್ಪಾಬಿ ಹಿಡಿದಿಟ್ಟಿದ್ದ, ಜೀನ್‌ಗಳನ್ನು ಓದಿಸುವ ಎನ್ಎಫ್-ಕಪ್ಪಾ-ಬಿ ಎಂಬ ಪ್ರೋಟೀನ್ ಬಿಡುಗಡೆಯಾಗಿ ನ್ಯೂಕ್ಲಿಯಸ್ ಸೇರುತ್ತದೆ. ರಂಜನ್ ಸೇನ್ ಮತ್ತು ಡೇವಿಡ್ ಬಾಲ್ಟಿಮೋರ್ 1986ರಲ್ಲಿ ಬಿ ಜೀವಕೋಶಗಳಲ್ಲಿ ಗುರುತಿಸಿದ್ದು ಇದನ್ನೇ. ಇಷ್ಟೂ ಸುಮಾರು ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಅದಾದ ಮೇಲೆ ಜೀನ್‌ಗಳು ಓದಿಸಿಕೊಂಡು, ಪ್ರೋಟೀನ್ ತಯಾರಾಗಿ, ನಾಲ್ಕರಿಂದ ಆರು ಗಂಟೆಗೆ ಇ-ಸೆಲೆಕ್ಟಿನ್ ತುತ್ತತುದಿ ಮುಟ್ಟುತ್ತದೆ. 24 ಗಂಟೆಯ ಹೊತ್ತಿಗೆ ಬಹುಪಾಲು ಇಳಿದಿರುತ್ತದೆ, ಯಾಕೆಂದರೆ ಅದರ ಆರ್‌ಎನ್‌ಎ ಬಹಳ ಹೊತ್ತು ಬಾಳುವುದಿಲ್ಲ, ಮೇಲ್ಮೈಯಲ್ಲಿರುವುದನ್ನೂ ಜೀವಕೋಶವೇ ಒಳಗೆಳೆದು ಕರಗಿಸುತ್ತದೆ. ಐಕ್ಯಾಮ್-1 ಮಾತ್ರ ಮರುದಿನವೂ ಗಟ್ಟಿಯಾಗಿ ನಿಂತಿರುತ್ತದೆ. ನನಗೆ ಇನ್ನೂ ಬೆರಗು ಹುಟ್ಟಿಸುವ ಸಂಗತಿ ಬೇರೊಂದಿದೆ: ಎನ್ಎಫ್-ಕಪ್ಪಾ-ಬಿ ಮೊದಮೊದಲು ಓದಿಸುವ ಜೀನ್‌ಗಳಲ್ಲಿ ಐಕಪ್ಪಾಬಿಯದೂ ಒಂದು. ತನ್ನನ್ನು ಕಟ್ಟಿಹಾಕುವುದನ್ನು ಅದು ತಾನೇ ಮಾಡಿಸುತ್ತದೆ.

ನಮ್ಮಲ್ಲಿ ಒಬ್ಬ ವಿದ್ಯಾರ್ಥಿನಿ ಅರಿಶಿನದ ಕರ್ಕ್ಯುಮಿನ್ ಇ-ಸೆಲೆಕ್ಟಿನ್ ತಗ್ಗಿಸುತ್ತದೆಯೇ ಎಂದು ನೋಡುತ್ತಿದ್ದಳು. ಸಂಜೆ ಟಿಎನ್ಎಫ್ ಹಾಕಿ ಮರುದಿನ ಸಂಜೆ, ಇ-ಸೆಲೆಕ್ಟಿನ್ ಮೇಲೆ ಅಂಟಿ ಹಸಿರಾಗಿ ಹೊಳೆಯುವ ಆಂಟಿಬಾಡಿಯಿಂದ ಅಳೆದಳು. ಟಿಎನ್ಎಫ್ ಮಾತ್ರ ಹಾಕಿದ ಬಾವಿಗಳಲ್ಲೇ (ಪ್ಲೇಟಿನಲ್ಲಿ ಜೀವಕೋಶ ಬೆಳೆಸುವ ಪುಟ್ಟ ಗುಳಿಗಳಲ್ಲೇ) ಏನೂ ಇಲ್ಲ. "ಮೇಡಂ, ಟಿಎನ್ಎಫ್ ಹಾಳಾಗಿದೆ ಅನ್ಸುತ್ತೆ, ಹೊಸದು ತರಿಸೋಣ್ವಾ?" ಆ ಪುಟ್ಟ ಸೀಸೆಯ ಬೆಲೆ ಗೊತ್ತಿದ್ದವರು ಅಷ್ಟು ಬೇಗ ಎಸೆಯುವುದಿಲ್ಲ. ಅದೇ ಹೊತ್ತಿಗೆ ಸಿದ್ಧವಾದ ಇನ್ನೊಂದು ಪ್ಲೇಟಿನಲ್ಲಿ ಐಕ್ಯಾಮ್-1 ನೋಡಲು ಹೇಳಿದೆ. ಚೆನ್ನಾಗಿ ಏರಿತ್ತು. ಟಿಎನ್ಎಫ್ ತನ್ನ ಕೆಲಸ ಮಾಡಿತ್ತು, ಇ-ಸೆಲೆಕ್ಟಿನ್ ರಾತ್ರಿಯೇ ಬಂದು ಹೋಗಿತ್ತು.

ಕರ್ಕ್ಯುಮಿನ್ ಹಾಕಿದ ಬಾವಿಗಳು ಮಾತ್ರ ಹಸಿರಾಗಿ ಹೊಳೆಯುತ್ತಿದ್ದವು. ಅದಕ್ಕೆ ಇ-ಸೆಲೆಕ್ಟಿನ್ ಕಾರಣವಲ್ಲ. ಕರ್ಕ್ಯುಮಿನ್ ತಾನೇ ಹಸಿರು ಬೆಳಕು ಸೂಸುತ್ತದೆ. ನಮ್ಮ ಅಡುಗೆಮನೆಯ ಸಾಮಾನಿನ ಮೇಲೆ ಕೆಲಸ ಮಾಡುವವರು ಮೈಸೂರಿನಲ್ಲಿ ಬಹಳ ಮಂದಿ ಇದ್ದಾರೆ, ಅವರಿಗೆಲ್ಲ ನನ್ನ ಕೋರಿಕೆ ಇದು: ಹಸಿರು ಬಣ್ಣದ ಆಂಟಿಬಾಡಿ ಬಿಡಿ, ದೂರದ ಕೆಂಪು (ಫಾರ್-ರೆಡ್) ಬೆಳಕು ಸೂಸುವುದನ್ನು ತೆಗೆದುಕೊಳ್ಳಿ, ಆಂಟಿಬಾಡಿಯೇ ಇಲ್ಲದ ಕರ್ಕ್ಯುಮಿನ್ ಬಾವಿಯೊಂದನ್ನು ಪ್ರತಿ ಸಲವೂ ಇಡಿ. ಪ್ಲೇಟಿನಿಂದ ಜೀವಕೋಶ ಎಬ್ಬಿಸಲು ಟ್ರಿಪ್ಸಿನ್ ಕಿಣ್ವ ಬೇಡ, ಮೇಲ್ಮೈಯ ಪ್ರೋಟೀನನ್ನೂ ಅದು ಕತ್ತರಿಸಬಹುದು.

ಬೆಳಿಗ್ಗೆ ಟಿಎನ್ಎಫ್ ಹಾಕಿ ಮಧ್ಯಾಹ್ನ ಅಳೆದಾಗ ಚಿತ್ರ ಬೇರೆಯಾಯಿತು. ಮೊದಲೇ ಕರ್ಕ್ಯುಮಿನ್ ಕುಡಿಸಿದ್ದ ಜೀವಕೋಶಗಳಲ್ಲಿ ಇ-ಸೆಲೆಕ್ಟಿನ್ ನಿಜಕ್ಕೂ ಕಡಿಮೆ ಇತ್ತು. ಟಿಎನ್ಎಫ್ ಆದ ಒಂದು ಗಂಟೆಯ ಮೇಲೆ ಕುಡಿಸಿದವುಗಳಲ್ಲಿ ವ್ಯತ್ಯಾಸ ಅಲ್ಪ. ಐಕಪ್ಪಾಬಿ ಆಗಲೇ ನಾಶವಾಗಿತ್ತಲ್ಲ! ಲ್ಯಾಬಿನ ಪ್ಲೇಟಿನಲ್ಲಿ ಕಂಡದ್ದನ್ನು ಹಾಲಿಗೆ ಅರಿಶಿನ ಹಾಕಿ ಕುಡಿಯುವುದಕ್ಕೆ ಹೊಂದಿಸಬೇಡಿ ಎಂದೂ ಅವಳಿಗೆ ಹೇಳಿದೆ. ಬಾಯಿಂದ ಹೋದ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದು ತೀರ ಸ್ವಲ್ಪ.

ಮಂಡ್ಯದ ಆಸ್ಪತ್ರೆಯೊಂದರ ಲ್ಯಾಬಿನಲ್ಲಿರುವ ಗೆಳತಿಗೆ ಇದನ್ನು ಹೇಳಿದಾಗ, ಅವಳ ಕೆಲಸದಲ್ಲೂ ಹೊತ್ತಿನದೇ ಲೆಕ್ಕ ಎಂದಳು. ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಕೊಟ್ಟ ರೋಗಿಯ ರಕ್ತದಲ್ಲಿ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣ ಏರುತ್ತದೆ. ಗೋಡೆಗೆ ಅಂಟಿದ್ದವು ಹಿಡಿತ ಬಿಟ್ಟು ಹರಿವಿಗೆ ಬರುವುದು ಅದಕ್ಕೆ ಒಂದು ಕಾರಣ, ಮಜ್ಜೆಯಿಂದ ಹೆಚ್ಚು ಹೊರಬರುವುದು ಇನ್ನೊಂದು. ಸೋಂಕು ಜೋರಾಯಿತು ಎಂದು ಗಾಬರಿಯಾಗಿ ವಾರ್ಡಿನಿಂದ ಫೋನ್ ಬಂದಾಗ ಅವಳು ಮೊದಲು ಕೇಳುವುದು, "ಸಿಸ್ಟರ್, ಇಂಜೆಕ್ಷನ್ ಕೊಟ್ಟಿದ್ದು ಎಷ್ಟು ಗಂಟೆಗೆ?" ಆಮೇಲೆ ಸ್ಲೈಡ್ ಹಾಕಿ ಬಲಿಯದ ಬ್ಯಾಂಡ್ ಕಣಗಳನ್ನು ಎಣಿಸುತ್ತಾಳೆ. ಸ್ಟೀರಾಯ್ಡ್‌ನಿಂದ ಮಾತ್ರ ಏರಿದ್ದರೆ ಅವು ಸಾಮಾನ್ಯವಾಗಿ ಹೆಚ್ಚಿರುವುದಿಲ್ಲ. ಹೆಚ್ಚಿದ್ದರೆ ಡಾಕ್ಟರಿಗೆ ಅವಳೇ ಫೋನ್ ಮಾಡುತ್ತಾಳೆ.