ಹೌದು, ಜಗಳ ಆಡುತ್ತೇವೆ

ಇಬ್ಬರೇ ವ್ಯಾನಿನಲ್ಲಿದ್ದು ಜಗಳ ಆಡಲ್ವಾ ಅಂತ ಕೇಳುವವರಿಗೆ: ಆಡುತ್ತೇವೆ. ಚೆನ್ನಾಗಿಯೇ ಆಡುತ್ತೇವೆ. ಇಷ್ಟು ಉತ್ತರ ಸಾಕು ಅನ್ನುವವರು ಇಲ್ಲಿಗೇ ನಿಲ್ಲಿಸಬಹುದು.

ಉಳಿದವರಿಗೆ ಸ್ವಲ್ಪ ಹಿನ್ನೆಲೆ. ನಾನು ಮತ್ತು ನನ್ನ ಗಂಡ ಅಮೆರಿಕದ ಯೂಟಾ ರಾಜ್ಯದ ದಕ್ಷಿಣ ಅಂಚಿನಲ್ಲಿ, ಅರಿಜೋನಾ ಗಡಿಯ ಆಚೀಚೆ, ವ್ಯಾನಿನಲ್ಲಿ ವಾಸ ಮಾಡುತ್ತೇವೆ. ಮಲಗುವುದಷ್ಟೇ ವ್ಯಾನಿನಲ್ಲಿ. ಅಡುಗೆ ಹೊರಗೆ, ಊಟ ಹೊರಗೆ, ಆಫೀಸೂ ಹೊರಗೆ. ಅವನದು ಸಾಫ್ಟ್‌ವೇರ್ ಟೆಸ್ಟಿಂಗ್. ನಾನು ಕೆಲವು ಸಣ್ಣ ಅಂಗಡಿಗಳ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಉಪಗ್ರಹ ಇಂಟರ್ನೆಟ್ಟಿನ ಸ್ಟಾರ್‌ಲಿಂಕ್ ತಟ್ಟೆ ಬಂಡೆಯ ಮೇಲೆ, ಲ್ಯಾಪ್‌ಟಾಪ್ ಮಡಚುವ ಮೇಜಿನ ಮೇಲೆ, ಮರಳು ಕೀಬೋರ್ಡಿನ ಒಳಗೆ. ಇಲ್ಲಿನ ಸರ್ಕಾರಿ ಬಯಲು ಜಮೀನಿನಲ್ಲಿ ಸಾಮಾನ್ಯವಾಗಿ 14 ದಿನ ಬಿಡಾರ ಹೂಡಬಹುದು, ಆಮೇಲೆ ಜಾಗ ಬದಲಿಸಬೇಕು. ಕೆಲಸಕ್ಕೆ ಬಿಡುವು ಸಿಕ್ಕಾಗ ಕ್ಯಾನಿಯನ್‌ಗಳಿಗೆ, ಅಂದರೆ ನೀರು ಬಂಡೆಯಲ್ಲಿ ಕೊರೆದ ಆಳವಾದ ಕೊರಕಲುಗಳಿಗೆ ಇಳಿಯುತ್ತೇವೆ.

ಇದನ್ನು ಕೇಳಿದ ತಕ್ಷಣ ನಮ್ಮವರ ಬಾಯಿಂದ ಬರುವ ಪ್ರಶ್ನೆ ಒಂದೇ. "ಇಬ್ಬರೇ, ದಿನವಿಡೀ, ಅಷ್ಟು ಸಣ್ಣ ಗಾಡೀಲಿ! ಜಗಳ ಆಗಲ್ವಾ?"

ಪ್ರಶ್ನೆಗಿಂತ ಅದನ್ನು ಕೇಳುವ ರೀತಿ ನನಗೆ ಆಗುವುದಿಲ್ಲ. ಫೀನಿಕ್ಸ್‌ನಲ್ಲಿ ಪರಿಚಯದವರ ಮನೆಯಲ್ಲಿ ಯುಗಾದಿ ಊಟ. ಒಬ್ಬ ಹಿರಿಯರು ನನ್ನ ಗಂಡನನ್ನು ಹಿಡಿದುಕೊಂಡರು. "ಅಲ್ಲಾ ಮಾರಾಯ, ಹೆಂಡ್ತೀನ ಹೇಗಪ್ಪಾ ಒಪ್ಪಿಸಿದೆ?" ನಾನು ಪಕ್ಕದಲ್ಲೇ ಹೋಳಿಗೆಗೆ ತುಪ್ಪ ಹಾಕಿಕೊಳ್ಳುತ್ತಿದ್ದೆ. ಇವನು ಬಾಯಿ ತುಂಬ ಹೋಳಿಗೆ ಇಟ್ಟುಕೊಂಡು ನನ್ನ ಮುಖ ನೋಡಿದ. ಆಮೇಲೆ ಅವರು ನನ್ನ ಕಡೆ ತಿರುಗಿ, ದನಿ ಇಳಿಸಿ, "ಪಾಪ, ಎಷ್ಟು ಅಡ್ಜಸ್ಟ್ ಮಾಡ್ಕೊಂಡಿದೀಯಮ್ಮ. ಜಗಳ ಆಡಲ್ವಾ?" ಅಂದರು.

ಪಾಪ ಯಾಕೆ ಸ್ವಾಮಿ? ಯೋಜನೆ ನನ್ನದು. ವ್ಯಾನ್ ಹುಡುಕಿದ್ದು ನಾನು. ಒಪ್ಪಿಸಲು ತಿಂಗಳುಗಟ್ಟಲೆ ಹಿಡಿದದ್ದು ಅವನನ್ನು. ಅವನಿಗೆ ಹಾಸಿಗೆಯಲ್ಲಿ ಒಂದು ಕಾಳು ಮರಳಿದ್ದರೂ ನಿದ್ದೆ ಬರುವುದಿಲ್ಲ. ಬಿಸಿಲು ಮೊದಲೇ ಆಗುವುದಿಲ್ಲ. ನಾನು ಬಾದಾಮಿಯಲ್ಲಿ ಬೆಳೆದವಳು. ಕೆಂಪು ಬಂಡೆ, ಅದರ ಕಾವು, ಎರಡೂ ನನಗೆ ಹೊಸದಲ್ಲ. ಈ ವಿಷಯದಲ್ಲಿ ಸರಿಯಾದ ಪ್ರಶ್ನೆ ಕೇಳಿದ್ದು ಅಮ್ಮ ಒಬ್ಬಳೇ. "ಕೆಂಪು ಕಲ್ಲು ನೋಡಾಕ ಅಷ್ಟು ದೂರ ಹೋಗಬೇಕಿತ್ತೇನ? ಇಲ್ಲಿ ಗುಡ್ಡ ಖಾಲಿ ಆಗಿದ್ವೇನ?" ಅವಳ ಮಾತಲ್ಲಿ ಹುರುಳಿದೆ. ಇಲ್ಲಿನ ನವಾಹೊ ಮರಳುಗಲ್ಲು ಡೈನೋಸಾರ್ ಕಾಲದ ಮರಳು ದಿಬ್ಬ, ಸುಮಾರು 18 ಕೋಟಿ ವರ್ಷ ಹಳೆಯದು. ಬಾದಾಮಿಯ ಮರಳುಗಲ್ಲು ಅದಕ್ಕಿಂತ ಎಷ್ಟೋ ಪಟ್ಟು ಹಳೆಯದು. ಸೀನಿಯಾರಿಟಿ ನಮ್ಮೂರಿನದೇ. ಆದರೆ ಎರಡೂ ಕೈ ಚಾಚಿದರೆ ಎರಡೂ ಗೋಡೆ ಸಿಗುವಂಥ, ಮೈಲುಗಟ್ಟಲೆ ಉದ್ದದ ಕೊರಕಲು ನಮ್ಮೂರಲ್ಲಿ ಇಲ್ಲವಲ್ಲ, ಏನು ಮಾಡಲಿ.

ಉಪಪ್ರಶ್ನೆಗಳನ್ನೂ ಮುಗಿಸಿಬಿಡುತ್ತೇನೆ. ಸ್ನಾನ: ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಳ್ಳುವುದು, ಪೇಟೆಗೆ ಹೋದಾಗ ದುಡ್ಡು ಕೊಟ್ಟು ಷವರ್. ಶೌಚ: ಕ್ಯಾನಿಯನ್ ಒಳಗಿದ್ದರೆ ಚೀಲದಲ್ಲಿ ಕಟ್ಟಿ ಹೊತ್ತು ತರುವುದು. ಹೌದು, ಅದನ್ನೇ. ಹಾವು: ಇದೆ. ಬಾದಾಮಿಯಲ್ಲೂ ಇತ್ತು. ಮಕ್ಕಳು: ನಿಮಗೆ ಸಂಬಂಧ ಇಲ್ಲ.

ಈಗ ಜಗಳ.

ಹೆಚ್ಚಿನವು ಸಣ್ಣವು. ಗಡಿಯ ಹತ್ತಿರ ಪೇಜ್ ಅನ್ನುವ ಊರಿದೆ, ಅರಿಜೋನಾದಲ್ಲಿ. ಬೇಸಿಗೆ ಬಂದರೆ ಯೂಟಾದವರು ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ. ಅರಿಜೋನಾದವರು ಇಡುವುದಿಲ್ಲ. ಆದರೆ ಅರಿಜೋನಾದ ಒಳಗೇ ಇರುವ ನವಾಹೊ ನೇಷನ್‌ನವರು, ಅಂದರೆ ಅಲ್ಲಿನ ಮೂಲನಿವಾಸಿಗಳ ಸ್ವಾಡಳಿತ ಪ್ರದೇಶದವರು, ಇಡುತ್ತಾರೆ. ಪೇಜ್ ಊರಿಗೆ ನವಾಹೊ ನೆಲ ತಾಗಿಕೊಂಡೇ ಇದೆ, ಯೂಟಾ ಗಡಿ ಕೂಗಳತೆಯಲ್ಲಿದೆ. ಫೋನು ಯಾವ ಟವರ್ ಹಿಡಿಯುತ್ತದೋ ಆ ಟೈಮು. ಬೆಳಗಿನ ಕಾಫಿ ಎಂಟಕ್ಕೆ ಕುಡಿದು, ಲೋಟ ತೊಳೆಯುವಷ್ಟರಲ್ಲಿ ಏಳೂಕಾಲು ಆಗಿರುತ್ತದೆ. ಅವನ ಮೀಟಿಂಗ್ ತಪ್ಪಿತು. ನನ್ನ ಫೋನಿನಲ್ಲಿ ಟೈಮ್ ನೋಡಿಕೊಂಡಿದ್ದ, ಹಾಗಾಗಿ ತಪ್ಪು ನನ್ನದಂತೆ. ಆ ಜಗಳ ಮಧ್ಯಾಹ್ನದ ತನಕ ನಡೆಯಿತು. ಯಾವ ಮಧ್ಯಾಹ್ನ ಅಂತ ಕೇಳಬೇಡಿ.

ದೊಡ್ಡ ಜಗಳ ಬೇರೆ. ಅದು ಬಕ್‌ಸ್ಕಿನ್ ಗಲ್ಚ್ ಬಾಯಲ್ಲಿ ಆದದ್ದು.

ಬಕ್‌ಸ್ಕಿನ್ ಅಂದರೆ ಜಗತ್ತಿನ ಅತಿ ಉದ್ದದ ಸ್ಲಾಟ್ ಕ್ಯಾನಿಯನ್‌ಗಳಲ್ಲಿ, ಅಂದರೆ ಆಳವಾದ ಸೀಳಿನಂಥ ಕೊರಕಲುಗಳಲ್ಲಿ, ಒಂದು. ಪರಿಯಾ ನದಿ ಸೇರುವ ತನಕ ಸುಮಾರು 20 ಕಿಲೋಮೀಟರ್ ಇಕ್ಕಟ್ಟು. ವೈರ್ ಪಾಸ್ ಅನ್ನುವ ಸಣ್ಣ ಕೊರಕಲಿನಿಂದ ಒಳಗೆ ಹೋಗುತ್ತಾರೆ. ಎರಡೂ ಸೇರುವ ಜಾಗದಲ್ಲಿ ಬಂಡೆಯ ಮೇಲೆ ಹಳೆಯ ಜನ ಕೊರೆದ ಕಾಡುಕುರಿಗಳಿವೆ. ಅಲ್ಲಿಂದ ಮುಂದೆ ಮೈಲುಗಟ್ಟಲೆ ಮೇಲೆ ಹತ್ತಿ ಹೊರಬರಲು ಜಾಗವೇ ಇಲ್ಲ. ತಲೆ ಎತ್ತಿದರೆ ಎರಡು ಗೋಡೆಗಳ ನಡುವೆ ಮರದ ದಿಮ್ಮಿ ಅಡ್ಡಡ್ಡ ಸಿಕ್ಕಿಕೊಂಡಿರುತ್ತದೆ, ನಮ್ಮ ತಲೆಗಿಂತ ಎಷ್ಟೋ ಮೇಲೆ. ಅದನ್ನು ಅಲ್ಲಿಟ್ಟದ್ದು ನೀರು.

ಅದು ಆಗಸ್ಟ್. ಇಲ್ಲಿಯೂ ಮಾನ್ಸೂನ್ ಇದೆ, ಜುಲೈಯಿಂದ ಸೆಪ್ಟೆಂಬರ್ ತನಕ. ಮಧ್ಯಾಹ್ನದ ಮೋಡ, ಗುಡುಗು, ಅರ್ಧ ಗಂಟೆ ಜಡಿಮಳೆ. ಆ ಬೆಳಿಗ್ಗೆ ನಮ್ಮ ನೆತ್ತಿಯ ಮೇಲೆ ಆಕಾಶ ಶುಭ್ರ ನೀಲಿ. ಅವನು ರಜೆ ಹಾಕಿದ್ದ. ನೀರು, ತಿಂಡಿ ಎಲ್ಲ ಹೊತ್ತುಕೊಂಡು ರೆಡಿ. ನಾನು ದೂರದಲ್ಲಿ, ಕೊರಕಲಿನ ನೀರು ಹರಿದು ಬರುವ ಮೇಲ್ಭಾಗದ ಕಡೆ, ಮೋಡದ ಒಂದು ಬಿಳಿ ಗುಪ್ಪೆ ಏಳುತ್ತಿರುವುದನ್ನು ನೋಡಿದೆ. ಬೇಡ ಅಂದೆ.

"ಇಲ್ಲಿ ಒಂದು ಹನಿ ಇಲ್ಲ," ಅಂದ.

ಮಳೆ ಇಲ್ಲಿ ಬೀಳಬೇಕಾಗಿಯೇ ಇಲ್ಲ. 1997ರ ಆಗಸ್ಟ್ 12ರಂದು ಪೇಜ್ ಹತ್ತಿರದ ಲೋಯರ್ ಆ್ಯಂಟಿಲೋಪ್ ಕ್ಯಾನಿಯನ್‌ನಲ್ಲಿ 11 ಪ್ರವಾಸಿಗರು ಸತ್ತರು. ದೊಡ್ಡ ಮಳೆ ಬಿದ್ದದ್ದು ಅವರ ಮೇಲಲ್ಲ, ಮೈಲುಗಟ್ಟಲೆ ದೂರದಲ್ಲಿ. ನೆಲವೆಲ್ಲ ಬೋಳು ಬಂಡೆ. ನೀರು ಕುಡಿಯಲು ಮಣ್ಣಿಲ್ಲ, ತಡೆಯಲು ಗಿಡವಿಲ್ಲ. ಬಿದ್ದದ್ದೆಲ್ಲ ಜಾರಿ ಸಣ್ಣ ಕೊರಕಲಿಗೆ, ಅಲ್ಲಿಂದ ದೊಡ್ಡದಕ್ಕೆ. ಇದೆಲ್ಲ ಅವನಿಗೂ ಗೊತ್ತು. ನನಗಿಂತ ಚೆನ್ನಾಗಿ ಗೊತ್ತು. ಅದಕ್ಕೇ ಅವನು ಮಳೆಯ ಬಗ್ಗೆ ವಾದ ಮಾಡಲಿಲ್ಲ, ಮೋಡದ ಸೈಜಿನ ಬಗ್ಗೆ ಮಾಡಿದ. ಅಷ್ಟು ದೊಡ್ಡದಲ್ಲ ಅಂದ. ನೀನು ಪ್ರತಿಸಲ ಹೀಗೇ ಅಂದ. ಅಮ್ಮನ ಥರ ಮಾತಾಡ್ತೀಯ ಅಂದ. ಯಾರಮ್ಮ ಅಂತ ನಾನು ಕೇಳಿದೆ. ಆಮೇಲೆ ಮಾತು ಎಲ್ಲೆಲ್ಲಿಗೋ ಹೋಯಿತು. ಪಾರ್ಕಿಂಗಿನಲ್ಲಿ ಒಬ್ಬ ಜರ್ಮನ್ ದಂಪತಿ ಶೂ ಕಟ್ಟಿಕೊಳ್ಳುತ್ತ ನಮ್ಮನ್ನೇ ನೋಡುತ್ತಿದ್ದರು. ಕನ್ನಡ ಅರ್ಥವಾಗದಿದ್ದರೂ ವಿಷಯ ಅರ್ಥವಾಗಿರಬೇಕು. ಅವರೂ ಆಕಾಶ ನೋಡಿದರು.

ನಾವು ಇಳಿಯಲಿಲ್ಲ. ಆ ದಿನ ಪ್ರವಾಹ ಬಂದಿತಾ? ಇಲ್ಲ. ಮೋಡ ಮೇಲೆದ್ದು, ಚಪ್ಪಟೆಯಾಗಿ, ಎಲ್ಲೋ ಕರಗಿಹೋಯಿತು. ಸಂಜೆ ತನಕ ಬಕ್‌ಸ್ಕಿನ್ ಒಣಗಿಯೇ ಇತ್ತು. ಕಥೆ ಹೇಳುವಾಗ ಇಲ್ಲಿ ಎಲ್ಲರ ಮುಖ ಬಾಡುತ್ತದೆ. ಕೆಂಪು ನೀರು, ತೇಲಿ ಬರುವ ಮರ, ನಾವು ಕೂದಲೆಳೆಯಲ್ಲಿ ಪಾರು, ಇಂಥದ್ದೇನೋ ಬೇಕಿತ್ತು ಅವರಿಗೆ. ಕ್ಷಮಿಸಿ, ಏನೂ ಆಗಲಿಲ್ಲ. ಅವನು ಮೂತಿ ಊದಿಸಿಕೊಂಡು ರಜೆಯ ದಿನ ಲ್ಯಾಪ್‌ಟಾಪ್ ತೆಗೆದು ಕೂತ, ಅಷ್ಟೇ.

ನಮ್ಮ ನಿಯಮ ಆ ರಾತ್ರಿ ಹುಟ್ಟಿತು. ಒಳಗೆ ಹೋಗಲು ಇಬ್ಬರೂ ಹೂಂ ಅನ್ನಬೇಕು. ಬೇಡ ಅನ್ನಲು ಒಬ್ಬರು ಸಾಕು. ಕಾರಣ ಕೇಳುವಂತಿಲ್ಲ. ಆಮೇಲೆ ಬಂದು ಬೇಕಾದಷ್ಟು ಜಗಳ ಆಡಬಹುದು, ಆದರೆ ಮೇಲೆ, ಬಯಲಲ್ಲಿ, ಗಾಡಿಯ ಪಕ್ಕ. 2003ರಲ್ಲಿ ಇದೇ ಯೂಟಾದ ಬ್ಲೂಜಾನ್ ಕ್ಯಾನಿಯನ್‌ನಲ್ಲಿ ಬಂಡೆಗೆ ಕೈ ಸಿಕ್ಕಿಸಿಕೊಂಡ ಆರನ್ ರಾಲ್ಸ್‌ಟನ್ ಬಗ್ಗೆ ನೀವೂ ಕೇಳಿರುತ್ತೀರಿ. ಐದು ದಿನ ಕಳೆದ ಮೇಲೆ ಕೈ ಕತ್ತರಿಸಿಕೊಂಡು ಹೊರಬಂದವರು. ಅವರು ಒಬ್ಬರೇ ಹೋಗಿದ್ದರು, ಎಲ್ಲಿಗೆ ಅಂತ ಯಾರಿಗೂ ಹೇಳಿರಲಿಲ್ಲ. ಆ ಸುದ್ದಿ ಹೇಳಿ ನನ್ನನ್ನು ಹೆದರಿಸುವವರೇ ಮರುಕ್ಷಣ ಜಗಳ ಆಡಲ್ವಾ ಅಂತಾರೆ. ಜಗಳಕ್ಕೆ ಒಬ್ಬರು ಇರುವುದು ಎಷ್ಟು ಒಳ್ಳೆಯದು ಅಂತ ಅವರಿಗೆ ಹೊಳೆಯುವುದೇ ಇಲ್ಲ.

ನನಗೆ ಯಾರಾದರೂ ಕೇಳಬೇಕು ಅಂತ ಆಸೆ ಇರುವ ಪ್ರಶ್ನೆ ಬೇರೆ. "ಒಳಗೆ ಹೋದ ಮೇಲೆ ಏನು ನೋಡ್ತೀರ?" ಅಂತ ಕೇಳಿ. ರಾತ್ರಿಯಿಡೀ ಹೇಳುತ್ತೇನೆ. ತಳದ ಕೆಸರು ಹಪ್ಪಳದಂತೆ ಒಡೆದು ಅಂಚು ಮೇಲೆದ್ದಿದ್ದರೆ ನೀರು ಹೋಗಿ ದಿನಗಳಾಗಿವೆ. ಒಡೆಯದೆ ಮಿನುಗುತ್ತಿದ್ದರೆ ಮೊನ್ನೆ ಮೊನ್ನೆ ಬಂದಿತ್ತು. ಹಸಿರು ಕಾಟನ್‌ವುಡ್ ಮರ ಕಂಡರೆ ಬೇರಿಗೆ ನೀರು ಸಿಗುತ್ತಿದೆ ಅಂತ ಅರ್ಥ. ಮೇಲೆ ಬಂಡೆಯ ಗುಂಡಿಗಳಲ್ಲಿ ಮಳೆ ನೀರು ನಿಂತರೆ ಸ್ವಲ್ಪ ದಿನಕ್ಕೇ ಫೇರಿ ಶ್ರಿಂಪ್ ಅನ್ನುವ, ಸಿಗಡಿಯಂಥ ಪುಟ್ಟ ಜೀವಿಗಳು ಈಜಾಡುತ್ತವೆ. ಅವುಗಳ ಮೊಟ್ಟೆ ವರ್ಷಗಟ್ಟಲೆ ಒಣ ಮಣ್ಣಿನಲ್ಲಿ ಬಿದ್ದಿದ್ದು ಕಾಯಬಲ್ಲವು. ದಾರಿಯ ಪಕ್ಕದ ಕಪ್ಪು ಉಬ್ಬು ಮಣ್ಣು ಕೊಳೆಯಲ್ಲ, ಜೀವ ಇರುವ ಪದರ. ಒಂದು ಹೆಜ್ಜೆ ಇಟ್ಟರೆ ಮತ್ತೆ ಬೆಳೆಯಲು ದಶಕಗಳು ಬೇಕು. ನನ್ನ ಗಂಡ ಯಾರ ಮೇಲಾದರೂ ಕೂಗಾಡಿದ್ದನ್ನು ನೋಡಬೇಕಿದ್ದರೆ ಅದರ ಮೇಲೆ ಕಾಲಿಡಿ.

ಆ ನಿಯಮವನ್ನು ಅವನೂ ಬಳಸುತ್ತಾನೆ. ಎಸ್ಕಲಾಂಟೆ ಊರಿನ ಆಚೆ ಸ್ಪೂಕಿ ಅನ್ನುವ ಕೊರಕಲಿದೆ, ಕೆಲವು ಕಡೆ ಅಗಲ ಒಂದು ಅಡಿಯೂ ಇಲ್ಲ. ಅದರ ಮುಂದೆ ನಿಂತು, ತನ್ನ ಹೊಟ್ಟೆ ನೋಡಿಕೊಂಡು, ಬೇಡ ಅಂದ. ಆಕಾಶದಲ್ಲಿ ಒಂದು ಮೋಡ ಇರಲಿಲ್ಲ. ಕಾರಣ ಕೇಳುವಂತಿಲ್ಲವಲ್ಲ, ನಾನು ಕೇಳಲಿಲ್ಲ. ನಕ್ಕೆ. ನಗಬಾರದು ಅಂತ ನಿಯಮದಲ್ಲಿಲ್ಲ.

ಇದನ್ನು ಓದಿ ತೋರಿಸಿದಾಗ ಬಕ್‌ಸ್ಕಿನ್ ಮೋಡ ನಿಜಕ್ಕೂ ಚಿಕ್ಕದಿತ್ತು ಅಂತ ಅವನ ತಕರಾರು. ಅದನ್ನೂ ಸೇರಿಸಬೇಕಂತೆ. ಸೇರಿಸಿದ್ದೇನೆ. ಮೋಡ ದೊಡ್ಡದೇ ಇತ್ತು.