ಮೇಡಂ ಈಗ ಅಕಾಡೆಮಿ ಫೆಲೋ

ಬೆಳಿಗ್ಗೆ ಮೇಲ್ ನೋಡಿದಾಗಿನಿಂದ ಕೆಲಸಕ್ಕೆ ಕೈ ಹೋಗುತ್ತಿಲ್ಲ. ನನಗೆ ಪಿಎಚ್‌ಡಿ ಮಾಡಿಸಿದ ಮೇಡಂ ಆಸ್ಟ್ರೇಲಿಯಾದ ಸಮಾಜ ವಿಜ್ಞಾನಗಳ ಅಕಾಡೆಮಿಗೆ ಫೆಲೋ ಆಗಿ, ಅಂದರೆ ಸದಸ್ಯೆಯಾಗಿ, ಆಯ್ಕೆಯಾಗಿದ್ದಾರೆ! ಕ್ಯಾನ್‌ಬೆರಾದ ಈ ಅಕಾಡೆಮಿ ಶುರುವಾಗಿದ್ದು 1971ರಲ್ಲಿ. ಅರ್ಜಿ ಹಾಕಿ ಪಡೆಯುವ ಗೌರವ ಅಲ್ಲ ಇದು. ಒಳಗಿರುವ ಫೆಲೋಗಳೇ ಹೆಸರು ಸೂಚಿಸಿ ಆರಿಸಬೇಕು.

ಮೆಲ್ಬರ್ನ್‌ನಲ್ಲಿ ನನ್ನ ಮೊದಲ ಫೀಲ್ಡ್‌ವರ್ಕ್ ಕಣ್ಣಮುಂದೆ ಬಂತು. ರಾತ್ರಿ ಪಾಳಿಯಲ್ಲಿ ಆಫೀಸುಗಳನ್ನು ಗುಡಿಸಿ ಒರೆಸುವ ವಲಸಿಗ ಹೆಂಗಸೊಬ್ಬರ ಮನೆ. ಕೂತ ಕೂಡಲೇ ನಾನು ಪ್ರಶ್ನೆಪಟ್ಟಿ ತೆಗೆದೆ. ಮೇಡಂ ಅದರ ಮೇಲೆ ಮೆಲ್ಲಗೆ ಕೈಯಿಟ್ಟು ಮಡಚಿದರು. ಆಮೇಲೆ ಆ ಅಮ್ಮನ ಪಕ್ಕ ಕೂತು ಬೀನ್ಸ್ ನಾರು ಬಿಡಿಸತೊಡಗಿದರು. ಮುಕ್ಕಾಲು ಗಂಟೆ! ಬುಟ್ಟಿ ಖಾಲಿಯಾಗುವಷ್ಟರಲ್ಲಿ ಆಕೆ ಸಂಬಳ, ಮೊಣಕಾಲು ನೋವು, ಊರಲ್ಲಿ ಬಿಟ್ಟುಬಂದ ಮಗ ಎಲ್ಲ ತಾವಾಗಿಯೇ ಹೇಳಿದ್ದರು. ನನ್ನ ಪಟ್ಟಿಯಲ್ಲಿ ಮಗನ ಪ್ರಶ್ನೆಯೇ ಇರಲಿಲ್ಲ.

ನಮ್ಮ ಮೈಸೂರಿನ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಹೀಗೇ ಇದ್ದಿರಬೇಕು ಅನ್ನಿಸುತ್ತದೆ. 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ತಿಂಗಳುಗಟ್ಟಲೆ ಉಳಿದು ಜನರ ಮಾತು ಕೇಳಿದವರು ಅವರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫೋರ್ಡ್‌ನಲ್ಲಿ ಬೆಂಕಿ ಬಿದ್ದು, ವಿಂಗಡಿಸಿಟ್ಟಿದ್ದ ಟಿಪ್ಪಣಿಗಳೆಲ್ಲ ಸುಟ್ಟುಹೋದವು. ಆದರೂ ನೆನಪಿನ ಬಲದಿಂದ ಆ ಹಳ್ಳಿಯ ಬಗ್ಗೆ ಇಡೀ ಪುಸ್ತಕ ಬರೆದರು. ಎಷ್ಟು ಕಿವಿಗೊಟ್ಟು ಕೇಳಿಸಿಕೊಂಡಿದ್ದರೋ!

ಮಧ್ಯಾಹ್ನ ಮೇಡಂಗೆ ಫೋನ್ ಮಾಡಿದೆ. ದನಿಯಲ್ಲಿ ಖುಷಿ ತುಳುಕುತ್ತಿತ್ತು. "ಮೊದಲು ಆ ಅಮ್ಮನಿಗೇ ಹೇಳಿದೆ ಕಣಮ್ಮಾ. ಮಗ ಈಗ ಅವರ ಜೊತೆಗೇ ಇದ್ದಾನಂತೆ" ಅಂದರು.