ಧೈರ್ಯಕ್ಕೆ ಅಂತ ಸಿಎ 15-3 ಮಾಡಿಸಬೇಡಿ

ಅಕ್ಟೋಬರ್, ಅಂದರೆ ಸ್ತನ ಕ್ಯಾನ್ಸರ್ ಜಾಗೃತಿ ತಿಂಗಳು ಬಂದರೆ ನಮ್ಮ ಲ್ಯಾಬಿಗೆ ಇದೇ ಫೋನು: "ಮೇಡಂ, ಬ್ರೆಸ್ಟ್ ಕ್ಯಾನ್ಸರ್ ಬ್ಲಡ್ ಟೆಸ್ಟ್ ಎಷ್ಟಾಗುತ್ತೆ?" ಕೇಳುವುದು ಸಿಎ 15-3 ಬಗ್ಗೆ. ಗಂಟಿಲ್ಲ, ನೋವಿಲ್ಲ, ಸುಮ್ನೆ ಧೈರ್ಯಕ್ಕೆ ಅಂತಾರೆ. ಬೇಡ ಅಂತಲೇ ಹೇಳುತ್ತೇನೆ.

ಇದು ಅಳೆಯುವುದು ಸ್ತನ ಕ್ಯಾನ್ಸರ್ ಕೋಶಗಳಿಂದ ರಕ್ತಕ್ಕೆ ಸೇರುವ ಮಕ್1 ಎಂಬ ಪ್ರೋಟೀನಿನ ತುಣುಕುಗಳನ್ನು. ಗಡ್ಡೆ ಚಿಕ್ಕದಿದ್ದಾಗ, ಅಂದರೆ ಗುಣವಾಗುವ ಸಾಧ್ಯತೆ ಜಾಸ್ತಿ ಇರುವ ಹೊತ್ತಿನಲ್ಲಿ, ಹೆಚ್ಚಿನವರಲ್ಲಿ ಈ ಸಂಖ್ಯೆ ಏರುವುದೇ ಇಲ್ಲ. ಇತ್ತ ಕ್ಯಾನ್ಸರ್ ಇಲ್ಲದಿದ್ದರೂ ಲಿವರ್ ತೊಂದರೆಯಿಂದ, ಬಿ12 ಕೊರತೆಯಿಂದ ಏರಬಹುದು. 'ನಾರ್ಮಲ್' ಎಂಬ ರಿಪೋರ್ಟ್ ನಂಬಿ ಯಾರಾದರೂ ಕೈಗೆ ಸಿಕ್ಕ ಗಂಟನ್ನು ಹಾಗೇ ಬಿಟ್ಟರೆ? ನನಗೆ ಹೆದರಿಕೆ ಅದರದ್ದೇ.

ಹಾಗಂತ ಪರೀಕ್ಷೆಯೇ ದಂಡ ಅಲ್ಲ. ನಮ್ಮ ಚಿಕ್ಕಮ್ಮನಿಗೆ ಕಾಯಿಲೆ ಮೂಳೆಗೆ ಹರಡಿದೆ. ಅವರ ಡಾಕ್ಟರು ಸ್ಕ್ಯಾನ್ ಜೊತೆ ಸಿಎ 15-3 ಕೂಡ ನೋಡುತ್ತಾರೆ. ಹೊಸ ಔಷಧಿ ಶುರುವಾದ ಮೇಲೆ ಸಂಖ್ಯೆ ಇಳಿಯುವ ಬದಲು ಏರಿಬಿಟ್ಟಿತು. ಚಿಕ್ಕಮ್ಮ ಊಟ ಬಿಟ್ಟು ಕೂತರು. ಮೊದಲ 4ರಿಂದ 6 ವಾರ ಹೀಗೆ ಸುಳ್ಳು ಏರಿಕೆ ಬರುವುದುಂಟು, ಔಷಧಿ ನಾಟಿದವರಲ್ಲೂ ಬರುತ್ತದೆ, ಈಗಲೇ ಏನನ್ನೂ ಬದಲಿಸುವುದಿಲ್ಲ ಎಂದರು ಡಾಕ್ಟರು. ಆಮೇಲೆ ಇಳಿಯಿತು. ಮಧ್ಯೆ ಮಗಳ ಮನೆಗೆ ಹೋದಾಗ ಚಿಕ್ಕಮ್ಮ ಬೇರೆ ಲ್ಯಾಬಿನಲ್ಲಿ ರಕ್ತ ಕೊಡುತ್ತೇನೆ ಎಂದರು. ನಾನು ಬಿಡಲಿಲ್ಲ. ಕಿಟ್ ಬದಲಾದರೆ ಅದೇ ರಕ್ತಕ್ಕೂ ಬೇರೆ ಸಂಖ್ಯೆ ಬರುತ್ತದೆ. ಒಂದೇ ಲ್ಯಾಬು, ಒಂದೇ ವಿಧಾನ ಇದ್ದರೆ ಮಾತ್ರ ಹಿಂದಿನದರ ಜೊತೆ ಹೋಲಿಸಬಹುದು, ಅಲ್ವಾ?

ಈಗ ರಕ್ತದಲ್ಲಿ ಗಡ್ಡೆಯ ಡಿಎನ್‌ಎ ತುಣುಕು ಹುಡುಕುವ ಪರೀಕ್ಷೆಗಳೂ ಬಂದಿವೆ. 2023ರ ಜನವರಿಯಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಲಾಸೆಸ್ಟ್ರೆಂಟ್ ಎಂಬ ಸ್ತನ ಕ್ಯಾನ್ಸರ್ ಮಾತ್ರೆಗೆ ಒಪ್ಪಿಗೆ ಕೊಟ್ಟಾಗ, ಅದು ಯಾರಿಗೆ ಸೂಕ್ತ ಎಂದು ತಿಳಿಯಲು ಗಡ್ಡೆಯ ಇಎಸ್‌ಆರ್1 ಜೀನಿನ ಬದಲಾವಣೆ ಹುಡುಕುವ ರಕ್ತ ಪರೀಕ್ಷೆಯನ್ನೂ ಒಪ್ಪಿತು. ಇದು ಕೂಡ ಕಾಯಿಲೆ ಹರಡಿದವರಿಗೆ, ಔಷಧಿ ಆರಿಸಲಿಕ್ಕೆ.

ಫೋನ್ ಮಾಡಿದವರಿಗೆ ನಾನು ಹೇಳುವುದು ಇಷ್ಟು. 30 ದಾಟಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸ್ತನ ಪರೀಕ್ಷೆಯ ಬಗ್ಗೆ ಕೇಳಿ. ಅದಕ್ಕೆ ಸರ್ಕಾರದ ಕಾರ್ಯಕ್ರಮವೇ ಇದೆ. ಮ್ಯಾಮೊಗ್ರಾಮ್, ಅಂದರೆ ಸ್ತನದ ಎಕ್ಸ್-ರೇ, ಯಾವಾಗ ಬೇಕು ಎಂದು ಡಾಕ್ಟರ ಹತ್ತಿರ ಮಾತಾಡಿ. ಗಂಟು ಸಿಕ್ಕರೆ, ಮೊಲೆತೊಟ್ಟಿನಿಂದ ರಕ್ತ ಬಂದರೆ ರಕ್ತದ ರಿಪೋರ್ಟ್ ಏನೇ ಇರಲಿ, ಅದೇ ವಾರ ತೋರಿಸಿ. ನಮ್ಮ ಲ್ಯಾಬಿನ ಮಹಿಳಾ ಪ್ಯಾಕೇಜಿನಿಂದ ಸಿಎ 15-3 ತೆಗೆಯಿರಿ ಅಂತ ಮ್ಯಾನೇಜರಿಗೆ ಬರೆದು ಕೊಟ್ಟಿದ್ದೇನೆ. ಉತ್ತರ ಇನ್ನೂ ಬಂದಿಲ್ಲ, ಮತ್ತೆ ಕೇಳುತ್ತೇನೆ.